ಪ್ರಾಯ ಮೀರಿದವರ ವಿಜ್ಞಾನ ವ್ಯಾಸಂಗ: ಗಾದೆಯ ನಿಷೇಧ ಮತ್ತು ಮುಕ್ತ ವಿಶ್ವವಿದ್ಯಾಲಯ

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ' ಎಂಬ ಗಾದೆ ಕನ್ನಡ ನಾಡಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. 'ಐದರಲ್ಲಿ ಬಗ್ಗದ್ದು ಐವತ್ತರಲ್ಲಿ ಬಗ್ಗೀತೆ' ಎಂಬುದು ಅದರದೇ ಇನ್ನೊಂದು ಪಾಠ. ಈ ಗಾದೆಯ ಕೇಂದ್ರ ಕ್ರಿಯಾಪದ 'ಬಗ್ಗು' ಎಂಬುದೇ ಹೊರತು 'ಕಲಿ' ಎಂಬುದಲ್ಲ. ಮಕ್ಕಳನ್ನು ತಿದ್ದುವ, ನಡತೆಯನ್ನು ರೂಢಿಸುವ ಸಂದರ್ಭದಲ್ಲಿ ಹಿರಿಯರು ಆಡುವ ಮಾತಿದು. ಆದರೆ ನಲವತ್ತು ದಾಟಿದ ಗೃಹಿಣಿಯೋ ಗುಮಾಸ್ತನೋ ಮರಳಿ ಕಾಲೇಜಿಗೆ ಸೇರಿ ಭೌತವಿಜ್ಞಾನ ಓದುವ ಬಯಕೆಯನ್ನು ವ್ಯಕ್ತಪಡಿಸಿದಾಗಲೂ ಮನೆಯವರ ಬಾಯಿಗೆ ಮೊದಲು ಬರುವುದು ಇದೇ ಮಾತು. ಇಂಗ್ಲಿಷ್ ಭಾಷಿಕರಲ್ಲಿ ಇದೇ ಕೆಲಸವನ್ನು ಮುದಿ ನಾಯಿಗೆ ಹೊಸ ಆಟ ಕಲಿಸಲಾಗದೆಂಬ ಗಾದೆ ಮಾಡುತ್ತದೆ. ಒಂದು ಕಡೆ ಮರ, ಇನ್ನೊಂದು ಕಡೆ ನಾಯಿ. ಎರಡರಲ್ಲೂ ದೇಹದ ಬಿಗಿತವನ್ನೇ ಬುದ್ಧಿಯ ಬಿಗಿತವೆಂದು ಭಾವಿಸಲಾಗಿದೆ.

ಜನಪದ ಜೀವನದ ಆಚರಣೆಯಾದರೋ ಈ ಗಾದೆಯನ್ನು ಪೂರ್ಣವಾಗಿ ಅನುಸರಿಸಿಲ್ಲ. ಸೂಲಗಿತ್ತಿಯ ವಿದ್ಯೆಯನ್ನು ಹೆಚ್ಚಾಗಿ ಸ್ವತಃ ಹೆತ್ತು ಅನುಭವವಿದ್ದ ಹೆಂಗಸರೇ ಮತ್ತೊಬ್ಬ ಹಿರಿಯಳ ಜೊತೆಗಿದ್ದು ಕಲಿತರು. ಅಲ್ಲಿ ವಯಸ್ಸು ಅಡ್ಡಿಯಲ್ಲ, ಅರ್ಹತೆ. ಕಲಿಕೆಯನ್ನು ವಯಸ್ಸಿನ ಮೆಟ್ಟಿಲುಗಳಿಗೆ ಬಿಗಿದದ್ದು ತರಗತಿ, ಪರೀಕ್ಷೆ, ಪ್ರವೇಶಮಿತಿಗಳನ್ನು ಆಧರಿಸಿದ ಆಧುನಿಕ ವಿದ್ಯಾವ್ಯವಸ್ಥೆ. ಗಾದೆಗಿಂತ ಶಾಲೆಯೇ ಹೆಚ್ಚು ಕಟ್ಟುನಿಟ್ಟಾದುದೆಂದು ಹೇಳಿದರೆ ತಪ್ಪಾಗಲಾರದು.

ಸಾಹಿತ್ಯಕ್ಕೋ ಇತಿಹಾಸಕ್ಕೋ ಮರಳುವವರಿಗಿಂತ ವಿಜ್ಞಾನಕ್ಕೆ ಮರಳುವವರ ಹಾದಿ ಕಠಿಣವಾಗಿರುವುದಕ್ಕೆ ಖಚಿತವಾದ ಕಾರಣಗಳಿವೆ. ಕಾದಂಬರಿಯನ್ನು ಓದಲು ಬದುಕಿನ ಅನುಭವ ನೆರವಿಗೆ ಬರುತ್ತದೆ. ಕಲನಶಾಸ್ತ್ರಕ್ಕೆ ಬೀಜಗಣಿತವೇ ಬೇಕು, ಬೀಜಗಣಿತಕ್ಕೆ ಮರೆತುಹೋದ ಶಾಲಾ ಗಣಿತವೇ ಬೇಕು. ಇದಕ್ಕಿಂತ ದೊಡ್ಡ ತೊಡಕು ಪ್ರಯೋಗಾಲಯದ್ದು. ಪುಸ್ತಕ ಮನೆಗೆ ಬರುತ್ತದೆ. ಪ್ರಯೋಗಾಲಯವಿರುವಲ್ಲಿಗೆ ವಿದ್ಯಾರ್ಥಿಯೇ ಹೋಗಬೇಕು, ಅದೂ ದುಡಿಯುವವರು ದುಡಿಯುತ್ತಿರುವ ಹೊತ್ತಿನಲ್ಲಿಯೇ.

ಈ ತೊಡಕನ್ನು ನೇರವಾಗಿ ಎದುರಿಸಿದ ಸಂಸ್ಥೆ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ. ಹೆರಾಲ್ಡ್ ವಿಲ್ಸನ್ 1963ರಲ್ಲಿ ಗ್ಲಾಸ್ಗೋದಲ್ಲಿ ಮಾಡಿದ ಭಾಷಣದಲ್ಲಿ ಆಕಾಶವಾಣಿ, ದೂರದರ್ಶನಗಳ ಮೂಲಕ ಕಲಿಸುವ ವಿಶ್ವವಿದ್ಯಾಲಯದ ಕಲ್ಪನೆಯನ್ನು ಮುಂದಿಟ್ಟರು. ಅದಕ್ಕೆ ರೂಪ ಕೊಟ್ಟವರು ಸ್ಕಾಟ್ಲೆಂಡಿನ ಗಣಿಕಾರ್ಮಿಕರ ಕುಟುಂಬದಿಂದ ಬಂದ ಸಚಿವೆ ಜೆನ್ನಿ ಲೀ. 1969ರಲ್ಲಿ ರಾಜಸನದು ದೊರೆತು, 1971ರ ಜನವರಿಯಲ್ಲಿ ಪಾಠಗಳು ಆರಂಭವಾದವು. ಇಪ್ಪತ್ತೊಂದು ತುಂಬಿರಬೇಕೆಂಬುದನ್ನು ಬಿಟ್ಟರೆ ಪ್ರವೇಶಕ್ಕೆ ಯಾವ ಪೂರ್ವ ವಿದ್ಯಾರ್ಹತೆಯನ್ನೂ ಕೇಳಲಿಲ್ಲ. ವಯಸ್ಸಿನ ಮಿತಿ ಮೇಲಿನಿಂದಲ್ಲ, ಕೆಳಗಿನಿಂದ! ಮೊದಲ ತಂಡದಲ್ಲಿ ಶಾಲಾ ಶಿಕ್ಷಕರು ಗಣನೀಯ ಸಂಖ್ಯೆಯಲ್ಲಿದ್ದರು. ಸಾಮಾನ್ಯ ಪದವಿಗೆ ಆರು ಕ್ರೆಡಿಟ್‌ಗಳು ಬೇಕಿದ್ದು, ವರ್ಷಕ್ಕೆ ಒಂದರಂತೆ ಗಳಿಸುವವರಿಗೆ ಆರು ವರ್ಷ ಹಿಡಿಯುತ್ತಿತ್ತು.

ಮೊದಲ ವರ್ಷದ ಪಠ್ಯಗಳಲ್ಲಿ ವಿಜ್ಞಾನದ ತಳಹದಿ ಪಠ್ಯವೂ ಒಂದು. ಅದಕ್ಕೆ ಸೇರಿದವರ ಮನೆಗೆ ಪ್ರಯೋಗ ಸಾಮಗ್ರಿಗಳ ಪೆಟ್ಟಿಗೆಯನ್ನೇ ಕಳುಹಿಸಲಾಯಿತು. ಗಾಜಿನ ಪಾತ್ರೆಗಳು, ರಾಸಾಯನಿಕಗಳು ಇವುಗಳ ಜೊತೆಗೆ ಒಂದು ಸೂಕ್ಷ್ಮದರ್ಶಕವೂ ಅದರಲ್ಲಿತ್ತು. ಜಾನ್ ಮೆಕಾರ್ಥರ್ ಎಂಬ ವೈದ್ಯ ರೂಪಿಸಿದ್ದ ಅಂಗೈಯಗಲದ ಸೂಕ್ಷ್ಮದರ್ಶಕದ ಪ್ಲಾಸ್ಟಿಕ್ ಆವೃತ್ತಿ ಅದು. ಬೆಳಕಿನ ಹಾದಿಯನ್ನು ಒಳಗೇ ಮಡಿಸಿ ಉಪಕರಣದ ಎತ್ತರವನ್ನು ಕುಗ್ಗಿಸಿದ್ದು ಅದರ ವೈಶಿಷ್ಟ್ಯ. ಅಡುಗೆಮನೆಯ ಮೇಜು ಊಟ ಮುಗಿದ ಮೇಲೆ ಪ್ರಯೋಗಾಲಯವಾಯಿತು. ವರ್ಷ ಮುಗಿದಾಗ ಪೆಟ್ಟಿಗೆಯನ್ನು ಹಿಂದಿರುಗಿಸಬೇಕು. ದುರಸ್ತಿಯಾಗಿ ಅದು ಮತ್ತೊಬ್ಬರ ಮನೆ ಸೇರುತ್ತಿತ್ತು. ಒಂದೇ ಸಾಧನ ಮನೆಯಿಂದ ಮನೆಗೆ ಸಾಗುವ ಈ ಕ್ರಮ ಭೌತಿಕ ಸಂಸ್ಕೃತಿಯ ಅಧ್ಯಯನಕಾರರಿಗೆ ಕುತೂಹಲದ ವಿಷಯ. ಬಿ.ಬಿ.ಸಿ.ಯಲ್ಲಿ ಮುಂಜಾನೆ, ತಡರಾತ್ರಿಗಳಲ್ಲಿ ಬರುತ್ತಿದ್ದ ಪಾಠಗಳು 2006ರಲ್ಲಿ ನಿಂತವು. ಪೆಟ್ಟಿಗೆಗಳ ಕೆಲಸವನ್ನು ಬಹುಮಟ್ಟಿಗೆ ಅಂತರಜಾಲದ ಪ್ರಯೋಗಾಲಯಗಳು ವಹಿಸಿಕೊಂಡವು. ದೂರದಿಂದಲೇ ನಿಜವಾದ ಉಪಕರಣವನ್ನು ನಡೆಸಬಹುದಾದರೂ ಕೈಗೆ ಅಂಟುವ ರಾಸಾಯನಿಕದ ಕಲೆಯನ್ನು ಅವು ಕೊಡಲಾರವು.

ಆರ್ನಾಲ್ಡ್ ವ್ಯಾನ್ ಗೆನೆಪ್ 1909ರಲ್ಲಿ ನಿರೂಪಿಸಿದ ಸಂಕ್ರಮಣ ವಿಧಿಗಳ ಚೌಕಟ್ಟಿನಲ್ಲಿ ಬೇರ್ಪಡೆ, ನಡುಸ್ಥಿತಿ, ಮರುಸೇರ್ಪಡೆ ಎಂಬ ಮೂರು ಹಂತಗಳಿವೆ. ಹದಿಹರೆಯದ ವಿದ್ಯಾರ್ಥಿ ಮನೆ ಬಿಟ್ಟು ಹಾಸ್ಟೆಲ್ ಸೇರುವಾಗ ಮೊದಲ ಹಂತ ತಾನಾಗಿ ನಡೆಯುತ್ತದೆ. ಪ್ರಾಯದ ವಿದ್ಯಾರ್ಥಿಗೆ ಆ ಭಾಗ್ಯವಿಲ್ಲ. ಆತ ತಂದೆಯಾಗಿ, ನೌಕರನಾಗಿ ಉಳಿದುಕೊಂಡೇ ವಿದ್ಯಾರ್ಥಿಯೂ ಆಗಬೇಕು. ನಡುಸ್ಥಿತಿ ಆರು ವರ್ಷ ಎಳೆಯುತ್ತದೆ. ತಳಹದಿ ಪಠ್ಯದ ಭಾಗವಾಗಿದ್ದ ಒಂದು ವಾರದ ಬೇಸಿಗೆ ಶಿಬಿರದ ಮಹತ್ವ ಇಲ್ಲಿದೆ. ಬೇರೆ ವಿಶ್ವವಿದ್ಯಾಲಯಗಳ ಆವರಣದಲ್ಲಿ ನಡೆಯುತ್ತಿದ್ದ ಆ ಶಿಬಿರದಲ್ಲಿ ಪೂರ್ಣಪ್ರಮಾಣದ ಪ್ರಯೋಗಾಲಯ ಮಾತ್ರವಲ್ಲ, ಮನೆಯಿಂದ ಬೇರ್ಪಡೆಯೂ ದೊರೆಯುತ್ತಿತ್ತು. ಈ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬಳನ್ನು ಕುರಿತ ಪ್ರಸಿದ್ಧ ನಾಟಕ, ವಿಲ್ಲಿ ರಸೆಲ್‌ನ 'ಎಜುಕೇಟಿಂಗ್ ರೀಟಾ' (1980), ಸಾಹಿತ್ಯ ಓದುವವಳ ಕಥೆಯಾಗಿದೆ. ವಿಜ್ಞಾನ ಓದಿದವಳಿಗೆ ಅಷ್ಟು ಪ್ರಸಿದ್ಧವಾದ ಕಥನ ದಕ್ಕಲಿಲ್ಲವೆಂಬುದು ಗಮನಾರ್ಹ.

ಹಣದ ಪ್ರಶ್ನೆ ಇದಕ್ಕಿಂತ ಒರಟಾದುದು. ಈಗಾಗಲೇ ಒಂದು ಪದವಿ ಇದ್ದು ಅದೇ ಮಟ್ಟದ ಇನ್ನೊಂದು ಪದವಿಗೆ ಸೇರುವವರ ಬೋಧನೆಗೆ ಕೊಡುತ್ತಿದ್ದ ಅನುದಾನವನ್ನು ಇಂಗ್ಲೆಂಡಿನ ಸರ್ಕಾರ 2008ರಿಂದ ಹಿಂತೆಗೆಯತೊಡಗಿತು. ಕಲಾ ಪದವೀಧರರಾಗಿ ವಿಜ್ಞಾನಕ್ಕೆ ಮರಳಲು ಬಯಸುವವರಿಗೆ ಇದು ನೇರ ಪೆಟ್ಟು. 2012ರ ಶುಲ್ಕ ಏರಿಕೆಯ ನಂತರ ಅರೆಕಾಲಿಕ ವಿದ್ಯಾರ್ಥಿಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ವಿಜ್ಞಾನ ವಿಷಯಗಳಲ್ಲಿ ಎರಡನೆಯ ಪದವಿಯನ್ನು ಅರೆಕಾಲಿಕವಾಗಿ ಓದುವವರಿಗೆ ಸಾಲದ ಸೌಲಭ್ಯ ವಿಸ್ತರಣೆಯಾದದ್ದು 2017ರಲ್ಲಿ.

ಭಾರತದಲ್ಲಿ ಈ ಮಾದರಿ 1982ರಲ್ಲಿ ಆಂಧ್ರಪ್ರದೇಶದ ಮುಕ್ತ ವಿಶ್ವವಿದ್ಯಾಲಯದ ಮೂಲಕವೂ 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮೂಲಕವೂ ಕಾಲಿಟ್ಟಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದ ಪರಂಪರೆಯಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ರೂಪುಗೊಂಡಿತು. ಆದರೆ 'ಮುಕ್ತ' ಎಂಬ ಪದದ ಅರ್ಥ ಇಲ್ಲಿಗೆ ಬರುವಾಗ ವಿಜ್ಞಾನದ ಮಟ್ಟಿಗೆ ಕಿರಿದಾಯಿತು. ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಬಿ.ಎಸ್ಸಿ.ಗೆ ಗರಿಷ್ಠ ವಯೋಮಿತಿಯಿಲ್ಲ; ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದಿರಬೇಕೆಂಬ ನಿಯಮವಿದೆ. ಹತ್ತನೆಯ ತರಗತಿಯ ನಂತರ ಕಲಾ ವಿಭಾಗಕ್ಕೆ ಹೋದ ಹುಡುಗಿಗೆ, ಊರಿನ ಹತ್ತಿರ ವಿಜ್ಞಾನದ ಪದವಿಪೂರ್ವ ಕಾಲೇಜು ಇರಲಿಲ್ಲವೆಂಬುದೇ ಅದಕ್ಕೆ ಕಾರಣವಾಗಿದ್ದರೂ, ಹದಿನಾರನೆಯ ವಯಸ್ಸಿನ ಆ ಆಯ್ಕೆ ನಲವತ್ತರಲ್ಲಿಯೂ ಎದುರು ನಿಲ್ಲುತ್ತದೆ. ಆಕೆಗೆ ಉಳಿಯುವ ದಾರಿಗಳಲ್ಲಿ ಒಂದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹಿರಿಯ ಮಾಧ್ಯಮಿಕ ಪರೀಕ್ಷೆ. ಅಲ್ಲಿ ವಯಸ್ಸಿನ ಮೇಲ್ಮಿತಿಯಿಲ್ಲ. ಭೌತ, ರಸಾಯನ, ಜೀವವಿಜ್ಞಾನಗಳನ್ನು ಪ್ರಾಯೋಗಿಕ ಪರೀಕ್ಷೆ ಸಹಿತ ಮುಗಿಸಿದ ಮೇಲಷ್ಟೇ ವಿಶ್ವವಿದ್ಯಾಲಯದ ಅರ್ಜಿ ನಮೂನೆಯನ್ನು ತುಂಬಬಹುದು.