ಬರೀ ಗ್ಯಾಸ್ಟ್ರಿಕ್ ಅಂತ ಸುಮ್ಮನಿದ್ದೀರಾ? ಹೊಟ್ಟೆ ಕೊಡುವ ಈ ಸೂಚನೆಗಳನ್ನು ಕಡೆಗಣಿಸಬೇಡಿ

ಊಟವಾದ ಮೇಲೆ ಹೊಟ್ಟೆ ಉಬ್ಬರ, ಹುಳಿತೇಗು, ಎದೆಯುರಿ. ಏನಾಯ್ತು ಎಂದು ಕೇಳಿದರೆ 'ಏನಿಲ್ಲ, ಸ್ವಲ್ಪ ಗ್ಯಾಸ್ಟ್ರಿಕ್' ಎಂಬ ಉತ್ತರ ಸಿದ್ಧ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ರಾತ್ರಿ ಒಂದು ಲೋಟ ನೀರಿಗೆ ಒಂದು ಪೊಟ್ಟಣ ಈನೋ. ಮುಂಬೈನಲ್ಲಿ ಲೋಕಲ್ ರೈಲು ಹಿಡಿಯಲು ಓಡುವವರಿಗೂ, ಹೈದರಾಬಾದಿನಲ್ಲಿ ರಾತ್ರಿ ಪಾಳಿ ಮಾಡುವ ಐಟಿ ಹುಡುಗರಿಗೂ ಇದು ದಿನಚರಿಯೇ ಆಗಿಬಿಟ್ಟಿದೆ.

ನಿಜ ಹೇಳಬೇಕೆಂದರೆ 'ಗ್ಯಾಸ್ಟ್ರಿಕ್' ಎಂಬುದು ಕಾಯಿಲೆಯ ಹೆಸರೇ ಅಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ 'ಜಠರಕ್ಕೆ ಸಂಬಂಧಿಸಿದ' ಎಂದಷ್ಟೇ ಅರ್ಥ. ನಾವು ಮಾತ್ರ ಆ ಒಂದು ಪದದೊಳಗೆ ಆಸಿಡಿಟಿ, ಅಲ್ಸರ್, ಪಿತ್ತಕೋಶದ ಕಲ್ಲು, ಮಲಬದ್ಧತೆ ಎಲ್ಲವನ್ನೂ ತುಂಬಿಬಿಟ್ಟಿದ್ದೇವೆ. ಕೆಲವೊಮ್ಮೆ ಹೃದಯಾಘಾತವನ್ನೂ!

ಹಾಗೆಂದು ಹೊಟ್ಟೆ ಗುಡುಗುಟ್ಟಿದ ಕೂಡಲೇ ಆಸ್ಪತ್ರೆಗೆ ಓಡಬೇಕಿಲ್ಲ. ಮದುವೆ ಊಟ ಜಾಸ್ತಿಯಾಗಿ, ಪ್ರಯಾಣದಲ್ಲಿ ನೀರು ಬದಲಾಗಿ ಬರುವ ತೊಂದರೆ ಜೀರಿಗೆ ಕಷಾಯ, ಇಂಗು ಹಾಕಿದ ಮಜ್ಜಿಗೆಯಲ್ಲಿ ಎರಡು ಮೂರು ದಿನಕ್ಕೆ ಸರಿಹೋಗುತ್ತದೆ. ಪ್ರಶ್ನೆ ಬರುವುದು ಅದು ಹೋಗದೇ ಇದ್ದಾಗ. ಎರಡು ಮೂರು ವಾರ ದಾಟಿದರೂ ಅದೇ ತೊಂದರೆ, ಮಾತ್ರೆ ನಿಲ್ಲಿಸಿದ ಕೂಡಲೇ ಮತ್ತೆ ಶುರು ಎಂದಾದರೆ ಮೆಡಿಕಲ್ ಶಾಪ್ ಬಿಟ್ಟು ವೈದ್ಯರ ಬಳಿ ಹೋಗುವ ಸಮಯ ಬಂದಿದೆ ಎಂದೇ ಅರ್ಥ. ಭೇದಿ 4 ವಾರಕ್ಕಿಂತ ಹೆಚ್ಚು ದಿನ ಇದ್ದರೆ ವೈದ್ಯರು ಅದನ್ನು ದೀರ್ಘಕಾಲದ ಭೇದಿ ಎಂದೇ ಪರಿಗಣಿಸುತ್ತಾರೆ.

ಕೆಲವು ಲಕ್ಷಣಗಳಿಗೆ ವಾರಗಟ್ಟಲೆ ಕಾಯುವ ಹಾಗೂ ಇಲ್ಲ. ಊಟ ಗಂಟಲಲ್ಲಿ ಅಥವಾ ಎದೆಯಲ್ಲಿ ಸಿಕ್ಕಿಕೊಂಡಂತೆ ಆಗುವುದು, ಪದೇ ಪದೇ ವಾಂತಿ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತೆ ಅನಿಸುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಕಣ್ಣು ಹಳದಿಯಾಗುವುದು. ಡಯಟ್ ಮಾಡದೆಯೇ ತೂಕ ಇಳಿಯುವುದು ಇವುಗಳಲ್ಲಿ ಮುಖ್ಯವಾದದ್ದು. 60 ಕಿಲೋ ಇದ್ದವರು ಆರು ತಿಂಗಳಿನಿಂದ ಒಂದು ವರ್ಷದೊಳಗೆ ಕಾರಣವಿಲ್ಲದೆ 3 ಕಿಲೋ ಇಳಿದರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. 'ಸಣ್ಣಗಾಗಿದ್ದೀಯ, ಚೆನ್ನಾಗಿ ಕಾಣ್ತೀಯ' ಎಂಬ ಮೆಚ್ಚುಗೆಯಲ್ಲಿ ಎಷ್ಟೋ ಜನರ ಕಾಯಿಲೆ ಮುಚ್ಚಿಹೋಗುತ್ತದೆ.

ಇನ್ನು ಮಲದಲ್ಲಿ ರಕ್ತ. ನಮ್ಮಲ್ಲಿ ಇದಕ್ಕೆ ಒಂದೇ ಉತ್ತರ, ಮೂಲವ್ಯಾಧಿ. ಬಸ್ ನಿಲ್ದಾಣದ ಗೋಡೆಗಳ ಮೇಲಿನ ಜಾಹೀರಾತುಗಳೂ ಅದನ್ನೇ ಹೇಳುತ್ತವೆ. ಹೆಚ್ಚಿನವರಲ್ಲಿ ಅದು ಮೂಲವ್ಯಾಧಿಯೇ ಇರಬಹುದು. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಶುರುವಾಗಬಹುದು, ಮೂಲವ್ಯಾಧಿ ಇದ್ದವರಿಗೂ ಅದು ಬರಬಹುದು. ಪರೀಕ್ಷೆ ಮಾಡದೆ ಇವೆರಡನ್ನು ಬೇರೆ ಮಾಡಲು ಯಾರಿಂದಲೂ ಸಾಧ್ಯವಿಲ್ಲ. ಸಂಕೋಚಪಟ್ಟು ಮನೆಯವರಿಗೂ ಹೇಳದೆ ವರ್ಷ ಕಳೆಯುವವರು ಕಳೆದುಕೊಳ್ಳುವುದು ಸುಲಭವಾಗಿ ಗುಣವಾಗುವ ಹಂತವನ್ನೇ. ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಮಲ ಹೋದರೆ ಜಠರದಲ್ಲಿ ರಕ್ತಸ್ರಾವ ಆಗುತ್ತಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣಾಂಶದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅದರಲ್ಲಿ ಆ ಅಂಟು, ಆ ವಾಸನೆ ಇರುವುದಿಲ್ಲ.

ರಕ್ತ ಕಣ್ಣಿಗೆ ಕಾಣದೆಯೂ ಸೋರಬಹುದು. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಎಂದು ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಕಡಿಮೆ ಬರುತ್ತದೆ. ಗಂಡಸರಲ್ಲಿ 13ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಗಂಡಸರಲ್ಲಿ ಅಥವಾ ಮುಟ್ಟು ನಿಂತ ಮಹಿಳೆಯರಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಟಾನಿಕ್ ಕುಡಿದು ಸುಮ್ಮನಾಗುವಂತಿಲ್ಲ. ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಲೇಬೇಕು.

ಹಾಗಾದರೆ ದಿನಾ ನುಂಗುವ ಆ ಮಾತ್ರೆಯಿಂದ ತೊಂದರೆಯೇ? ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಒಳ್ಳೆಯ ಔಷಧಿಗಳೇ. ಅವು ಜಠರದ ಆಮ್ಲವನ್ನು ಬಹಳಷ್ಟು ತಗ್ಗಿಸುತ್ತವೆ. ಅದಕ್ಕೇ ಅಲ್ಸರ್ ಇದ್ದರೂ, ಅದಕ್ಕಿಂತ ದೊಡ್ಡದು ಇದ್ದರೂ ಉರಿ ಕಡಿಮೆಯಾಗಿ ಎಲ್ಲ ಸರಿಹೋಯಿತು ಎನಿಸಿಬಿಡುತ್ತದೆ. ವರ್ಷಗಟ್ಟಲೆ ತಿಂದರೆ ವಿಟಮಿನ್ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗುವ ಸಾಧ್ಯತೆಯೂ ಇದೆ. ಈನೋದಂಥ ಪುಡಿಗಳಲ್ಲಿ ಸೋಡಿಯಂ ಇರುವುದರಿಂದ ಬಿಪಿ ಇರುವವರು ದಿನಾ ಕುಡಿಯುವುದು ಒಳ್ಳೆಯದಲ್ಲ.

ಅಲ್ಸರ್ ಎಂದರೆ ಖಾರ, ಟೆನ್ಷನ್‌ನಿಂದ ಬರುತ್ತದೆ ಎಂದು ವೈದ್ಯರೂ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ವೈದ್ಯರು 1984ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ಜಠರದ ಉರಿಯೂತ ತಂದುಕೊಂಡು ತೋರಿಸಿದರು. 2005ರಲ್ಲಿ ರಾಬಿನ್ ವಾರನ್ ಜೊತೆ ಅವರಿಗೆ ನೊಬೆಲ್ ಬಂತು. ಭಾರತದಲ್ಲಿ ಈ ಸೋಂಕು ತುಂಬಾ ಸಾಮಾನ್ಯ. ಸಾಮಾನ್ಯವಾಗಿ 14 ದಿನಗಳ ಆಂಟಿಬಯೋಟಿಕ್ ಕೋರ್ಸ್‌ನಿಂದ ಹೋಗುತ್ತದೆ, ವರ್ಷಾನುಗಟ್ಟಲೆ ಆಸಿಡಿಟಿ ಮಾತ್ರೆ ತಿಂದರೆ ಹೋಗುವುದಿಲ್ಲ. ಅಲ್ಸರ್‌ಗೆ ಇನ್ನೊಂದು ದೊಡ್ಡ ಕಾರಣ ಮಂಡಿನೋವು, ಬೆನ್ನುನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು. ಊರಲ್ಲಿರುವ ಅಪ್ಪ ಅಮ್ಮ ಇವನ್ನು ತಿನ್ನುತ್ತಿದ್ದಾರಾ ಎಂದು ಮುಂದಿನ ಸಲ ಫೋನ್ ಮಾಡಿದಾಗ ಕೇಳಿ ನೋಡಿ.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾಯಿಲೆ ಕರುಳಿನ ಟಿಬಿ. ಹೊಟ್ಟೆಯ ಬಲಭಾಗದ ಕೆಳಗೆ ನೋವು, ಸಂಜೆ ಸಣ್ಣ ಜ್ವರ, ತೂಕ ಇಳಿಕೆ ಇದ್ದರೆ ವೈದ್ಯರಿಗೆ ಹೇಳಿ. ಕೆಮ್ಮು ಇಲ್ಲದೆಯೂ ಇದು ಬರಬಹುದು. ದೆಹಲಿ ಕಡೆ ಹೋಗಿ ಮೂರು ಹೊತ್ತೂ ಗೋಧಿ ತಿನ್ನಲು ಶುರುಮಾಡಿದ ಮೇಲೆ ಹೊಟ್ಟೆ ಕೆಟ್ಟಿದೆ ಎನ್ನುವವರು ಸೀಲಿಯಾಕ್ ಪರೀಕ್ಷೆ ಮಾಡಿಸಬಹುದು. ಆದರೆ ಪರೀಕ್ಷೆಗೆ ಮೊದಲೇ ಚಪಾತಿ ಬಿಟ್ಟರೆ ರಕ್ತ ಪರೀಕ್ಷೆಯಲ್ಲಿ ಕಾಯಿಲೆ ಸಿಗದೇ ಹೋಗಬಹುದು.

ಎದೆಯ ವಿಷಯದಲ್ಲಿ ಮಾತ್ರ ಯಾವ ಪ್ರಯೋಗವೂ ಬೇಡ. ಎದೆ ಒತ್ತಿದಂತಾಗಿ, ಬೆವರು ಬಂದು, ನೋವು ದವಡೆಗೋ ಎಡಗೈಗೋ ಹರಿದರೆ ಅದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿಯುತ್ತಾ ಕೂರಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ಮಹಿಳೆಯರಲ್ಲಿ ಹೃದಯಾಘಾತ ಬರೀ ಹೊಟ್ಟೆ ತೊಳಸು, ಸುಸ್ತಾಗಿಯೂ ಕಾಣಿಸಿಕೊಳ್ಳಬಹುದು. 112ಕ್ಕೆ ಕರೆ ಮಾಡಿ, ಮೊದಲು ಇಸಿಜಿ ಆಗಲಿ.

ಮೊದಲ ಭೇಟಿಗೆ ದೊಡ್ಡ ಆಸ್ಪತ್ರೆಯ ಗ್ಯಾಸ್ಟ್ರೋ ತಜ್ಞರೇ ಬೇಕೆಂದಿಲ್ಲ, ಹತ್ತಿರದ ಎಂಬಿಬಿಎಸ್ ವೈದ್ಯರು ಸಾಕು. ಆದರೆ ಪರಊರಿನಲ್ಲಿ ಭಾಷೆ ತೊಡಕಾಗಿ 'ಗ್ಯಾಸ್' ಎಂದಷ್ಟೇ ಹೇಳಿ ಬರಬೇಡಿ. ಎದೆಯುರಿಗೆ ಮರಾಠಿಯಲ್ಲಿ 'ಛಾತೀತ್ ಜಳಜಳ', ತಮಿಳಿನಲ್ಲಿ 'ನೆಂಜೆರಿಚ್ಚಲ್', ತೆಲುಗಿನಲ್ಲಿ 'ಗುಂಡೆಲ್ಲೋ ಮಂಟ', ಹಿಂದಿಯಲ್ಲಿ 'ಸೀನೇ ಮೇ ಜಲನ್' ಎನ್ನುತ್ತಾರೆ. ನೋವಿನ ಜಾಗವನ್ನು ಬೆರಳಿಟ್ಟು ತೋರಿಸಿ. ಎಷ್ಟು ದಿನದಿಂದ, ಊಟಕ್ಕೆ ಮೊದಲೋ ಆಮೇಲೋ, ತೂಕ ಎಷ್ಟಿತ್ತು ಈಗೆಷ್ಟು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತಿನ್ನುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ. ಎಚ್ ಪೈಲೋರಿ ಪರೀಕ್ಷೆ ಬರೆದುಕೊಟ್ಟರೆ ಪ್ಯಾಂಟೊಪ್ರಜೋಲ್ ಯಾವಾಗ ನಿಲ್ಲಿಸಬೇಕೆಂದು ಅಲ್ಲೇ ಕೇಳಿ. ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ, ಇಲ್ಲದಿದ್ದರೆ ಸೋಂಕು ಇದ್ದರೂ ರಿಪೋರ್ಟ್ ನೆಗೆಟಿವ್ ಬರಬಹುದು.