ಬಂದರಿನ ನೀರು ಕೆಡುವುದು ಎಲ್ಲಿ?

ಬಂದರಿನಿಂದ ನೀರು ಕೆಟ್ಟಿತು ಎಂದರೆ ಮುಳುಗುವ ಹಡಗು, ಅಲೆಗಳ ಮೇಲೆ ಕಪ್ಪು ಎಣ್ಣೆ, ದಡದಲ್ಲಿ ಸತ್ತ ಮೀನು ನಮ್ಮ ಕಣ್ಣಿಗೆ ಕಟ್ಟುತ್ತವೆ. ಕರಾವಳಿಯವರಿಗೆ ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದಾಚೆ ‘ಪ್ರಿನ್ಸೆಸ್ ಮಿರಾಲ್’ ಮುಳುಗಿತು. 2025ರ ಮೇ 25ರಂದು ಕೊಚ್ಚಿಯಾಚೆ 640 ಕಂಟೇನರ್ ಹೊತ್ತಿದ್ದ ‘ಎಂಎಸ್‌ಸಿ ಎಲ್ಸಾ 3’ ಮುಳುಗಿದಾಗ ಅದರ ಪ್ಲಾಸ್ಟಿಕ್ ಕಾಳುಗಳು ಕೇರಳದ ಮರಳಿನ ತುಂಬ ಹರಡಿದವು. ಆದರೆ ಇಂಥ ಅವಘಡಗಳನ್ನೇ ಮಾಲಿನ್ಯ ಎಂದುಕೊಂಡರೆ ದಿನನಿತ್ಯ ಆಗುವ ಹಾನಿ ಲೆಕ್ಕಕ್ಕೇ ಬರುವುದಿಲ್ಲ.

ಮಂಗಳೂರಿನ ಹಳೇ ಬಂದರಿನ ದಕ್ಕೆಯಲ್ಲಿ ಬೆಳಗಿನ ಹೊತ್ತು ಸ್ವಲ್ಪ ನಿಂತು ನೋಡಿ. ಬೋಟಿನ ಇಂಜಿನ್ ಕೆಳಗೆ ಸೇರಿದ ನೀರನ್ನು ಪಂಪು ಹೊರಗೆ ಉಗುಳುತ್ತದೆ. ಅದರಲ್ಲಿ ಡೀಸೆಲ್ಲಿನ ಒಂದಿಷ್ಟು ಹನಿ ಇದ್ದರೂ ಸಾಕು, ನೀರಿನ ಮೇಲೆ ನವಿಲುಗರಿಯ ಬಣ್ಣ ಮಾರುದ್ದ ಹರಡುತ್ತದೆ. ಇಳಿತದ ಹೊತ್ತಿಗೆ ಅದು ಅಳಿವೆಯತ್ತ ಹೋಗುತ್ತದೆ, ಭರತ ಬಂದರೆ ಮರುವಾಯಿ ಚಿಪ್ಪು ಹೆಕ್ಕುವ ಜಾಗದತ್ತ ಹಿಂತಿರುಗುತ್ತದೆ. ದೊಡ್ಡ ಹಡಗು ಇಂಥ ನೀರನ್ನು ಸೋಸಿ, ಹತ್ತು ಲಕ್ಷದಲ್ಲಿ 15 ಭಾಗಕ್ಕಿಂತ ಹೆಚ್ಚು ಎಣ್ಣೆ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಬಿಡಬೇಕು ಎಂಬುದು ಅಂತಾರಾಷ್ಟ್ರೀಯ ನಿಯಮ. ಸಣ್ಣ ಬೋಟಿನಲ್ಲಿ ಅಂಥ ಯಂತ್ರ ಎಲ್ಲಿಂದ ಬರಬೇಕು? ಮೀನುಗಾರರನ್ನು ಬೈದು ಪ್ರಯೋಜನವಿಲ್ಲ. ಕೆಟ್ಟ ಎಣ್ಣೆ ಸುರಿಯಲು ದಕ್ಕೆಯ ಮೇಲೆ ತೊಟ್ಟಿ ಇಟ್ಟು, ಅದನ್ನು ತಪ್ಪದೆ ಖಾಲಿ ಮಾಡಿಸುವುದು ಬಂದರು ನಡೆಸುವವರ ಕೆಲಸ.

“ಕಡಲು ದೊಡ್ಡದು, ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ” ಎನ್ನುವವರಿದ್ದಾರೆ. ಬಂದರು ಕಟ್ಟುವುದೇ ಅಲೆ ತಡೆಯಲಿಕ್ಕೆ! ಪಣಂಬೂರಿನ ನವಮಂಗಳೂರು ಬಂದರು ನೆಲವನ್ನು ಅಗೆದು, ಎದುರಿಗೆ ಅಲೆತಡೆ ಗೋಡೆ ಕಟ್ಟಿ ಮಾಡಿದ ಕೃತಕ ಕೊಳ. ಹಡಗು ಅಲುಗದೆ ನಿಲ್ಲುವಷ್ಟು ನೀರು ಶಾಂತವಾಗಿದ್ದರೆ, ಅದರಲ್ಲಿ ಬಿದ್ದ ಕೊಳೆಯೂ ಅಲ್ಲೇ ತಳ ಹಿಡಿಯುತ್ತದೆ.

ಒಣ ಸರಕಿನಿಂದ ನೀರಿಗೇನೂ ತೊಂದರೆಯಿಲ್ಲ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಕಲ್ಲಿದ್ದಲನ್ನೋ ಗೊಬ್ಬರವನ್ನೋ ಬಯಲಲ್ಲಿ ರಾಶಿ ಹಾಕಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ರಾಶಿಗೆ ಹೊದಿಕೆ, ಸುತ್ತ ಗಟಾರ, ಗಟಾರದ ಕೊನೆಗೆ ಮಣ್ಣು ತಂಗುವ ಹೊಂಡ: ಇಷ್ಟು ಸರಳ ಏರ್ಪಾಟು ಸಾಕು, ಆದರೆ ಹೊಂಡದ ಹೂಳನ್ನು ಮೇ ತಿಂಗಳೊಳಗೆ ತೆಗೆದಿರಬೇಕು. ಮೊದಲ ಮಳೆ ಬಿದ್ದ ಮೇಲೆ ತೆಗೆಯಲು ಹೊರಟರೆ ಅಲ್ಲಿ ಏನೂ ಉಳಿದಿರುವುದಿಲ್ಲ.

ಬಹಳ ಜನ ಕೇಳಿಯೇ ಇರದ ಸಂಗತಿ ಬ್ಯಾಲಸ್ಟ್ ನೀರಿನದು. ಖಾಲಿ ಹಡಗು ಸಮತೋಲ ತಪ್ಪದಿರಲೆಂದು ಹೊಟ್ಟೆಯ ತುಂಬ ಕಡಲನೀರು ಹೊತ್ತು ಬರುತ್ತದೆ. ದೊಡ್ಡ ಹಡಗಾದರೆ ಹತ್ತಾರು ಸಾವಿರ ಟನ್. ಸರಕು ಏರುತ್ತಾ ಹೋದಂತೆ ಆ ನೀರನ್ನು ಹೊರಗೆ ಬಿಡುತ್ತದೆ. “ಕಡಲ ನೀರು ಕಡಲಿಗೇ ಬಿತ್ತು, ಅದರಲ್ಲೇನು?” ಎನಿಸಬಹುದು. ಆದರೆ ಅದರ ಜೊತೆ ಬೇರೆ ಖಂಡದ ಚಿಪ್ಪುಜೀವಿಗಳ ಮರಿ, ಪಾಚಿ, ರೋಗಾಣು ಎಲ್ಲ ಇಳಿಯುತ್ತವೆ. ಕುದುರೆಮುಖದ ಅದಿರು 2005ರ ಕೊನೆಯವರೆಗೂ ಪಣಂಬೂರಿನಿಂದಲೇ ಹಡಗೇರುತ್ತಿತ್ತು. ಅದನ್ನು ಒಯ್ಯಲು ಖಾಲಿ ಬಂದ ಹಡಗುಗಳು ಅಷ್ಟು ವರ್ಷ ಯಾವ ಯಾವ ಊರಿನ ನೀರು ತಂದವೋ ಯೋಚಿಸಿ. ತೈಲ ಚೆಲ್ಲಿದರೆ ಕಾಲಾಂತರದಲ್ಲಾದರೂ ಕರಗೀತು. ಬೇರೂರಿದ ಹೊರಜೀವಿಯನ್ನು ಕಿತ್ತುಹಾಕುವುದು ಬಹುತೇಕ ಆಗದ ಮಾತು. ಈ ನೀರನ್ನು ಹಡಗಿನಲ್ಲೇ ಶುದ್ಧಿ ಮಾಡಿ ಬಿಡಬೇಕೆನ್ನುವ ಅಂತಾರಾಷ್ಟ್ರೀಯ ಒಪ್ಪಂದ 2004ರಲ್ಲಿ ಆಯಿತು, ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್‌ನಲ್ಲಿ. ಹದಿಮೂರು ವರ್ಷದ ಆ ವಿಳಂಬ ನನಗೆ ಇವತ್ತಿಗೂ ಸಂಕಟದ ವಿಷಯ.

ಹಡಗಿನ ಹೊಗೆ ಕೆಡಿಸುವುದು ಗಾಳಿಯನ್ನು ಮಾತ್ರ ಎಂಬುದೂ ನಿಜವಲ್ಲ. ಗಂಧಕ ತೆಗೆಯಲು ಕೆಲವು ಹಡಗುಗಳು ಹೊಗೆಯನ್ನು ಕಡಲನೀರಿನಲ್ಲಿ ತೊಳೆದು, ಆ ಆಮ್ಲದ ನೀರನ್ನು ಮತ್ತೆ ಕಡಲಿಗೇ ಬಿಡುತ್ತವೆ. ಸಿಂಗಪುರ ತನ್ನ ಬಂದರಿನಲ್ಲಿ ಇದನ್ನು 2020ರಿಂದ ನಿಷೇಧಿಸಿದೆ.

ಇನ್ನು ಹೂಳು. ಹೂಳೆತ್ತಿದರೆ ನೀರು ಶುಚಿಯಾಯಿತು ಎಂದು ತಿಳಿದವರು ಹೆಚ್ಚು. ಹೂಳೆತ್ತುವುದು ಹಡಗಿನ ಆಳಕ್ಕಾಗಿ, ನೀರಿನ ಶುಚಿಗಾಗಿ ಅಲ್ಲ. ತಳದಲ್ಲಿ ಮಲಗಿದ್ದ ಸೀಸ, ತಾಮ್ರ, ಎಣ್ಣೆಜಿಡ್ಡು ಕೆದಕಿದಾಗ ಮತ್ತೆ ಮೇಲೇಳುತ್ತವೆ. ನೆದರ್ಲೆಂಡಿನ ರೋಟರ್‌ಡ್ಯಾಮ್ ಬಂದರಿನ ಕೆಸರು ಒಂದು ಕಾಲಕ್ಕೆ ಕಡಲಿಗೆ ಸುರಿಯಲಾರದಷ್ಟು ವಿಷವಾಗಿತ್ತು. ಅದನ್ನು ತುಂಬಿಡಲೆಂದೇ 1980ರ ದಶಕದಲ್ಲಿ ‘ಸ್ಲುಫ್ಟರ್’ ಎಂಬ ದೊಡ್ಡ ಗುಂಡಿ ಕಟ್ಟಿದರು. ವಿಷ ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಹೋದರೆ, ಅದರ ಬಹುಪಾಲು ರೈನ್ ನದಿಯ ಮೇಲ್ದಂಡೆಯ ಕಾರ್ಖಾನೆಗಳದ್ದು. ಅಲ್ಲಿ ಬಿಡುವುದು ತಗ್ಗಿದ ಮೇಲೆ ಬಂದರಿನ ಕೆಸರೂ ಶುಚಿಯಾಗುತ್ತ ಬಂತು. ನಮ್ಮ ಫಲ್ಗುಣಿ ನದಿಗೂ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆಯಿಂದ ತೋಕೂರು ಹಳ್ಳ ಬಂದು ಸೇರುತ್ತದೆ. ಅಳಿವೆಯ ನೀರನ್ನು ಪರೀಕ್ಷಿಸುವವರು ಸೀಸೆ ಹಿಡಿದು ಮೊದಲು ಆ ಹಳ್ಳದ ಬಾಯಿಗೆ ಹೋಗಲಿ.