ಅಸ್ತ್ರ ಒಲೆ ಹೊಗೆ ಉಗುಳುವುದೇಕೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ರೂಪಿಸಿದ ಮೂರು ಪಾತ್ರೆಗಳ ಸೌದೆ ಒಲೆಯೇ ಅಸ್ತ್ರ ಒಲೆ. ಸೌದೆ ಉಳಿಸುವುದು, ಹೊಗೆಯನ್ನು ಅಡುಗೆಮನೆಯಿಂದ ಹೊರಗೆ ಸಾಗಿಸುವುದು ಅದರ ಉದ್ದೇಶ. ಆದರೂ ಸರಿಯಾಗಿ ನೋಡಿಕೊಳ್ಳದಿದ್ದರೆ ಅದು ಹೊಗೆ ಉಗುಳತೊಡಗುತ್ತದೆ. ಏಕೆ?

ಬಿಸಿಗಾಳಿ ಹಗುರ. ಅದು ಹೊಗೆಕೊಳವೆಯಲ್ಲಿ ಮೇಲೇರಿದಂತೆ ಕಬ್ಬಿಣದ ಜಾಲರಿಯ ಕೆಳಗಿನಿಂದ ಹೊಸ ಗಾಳಿ ಒಳನುಗ್ಗಿ ಬೆಂಕಿಯನ್ನು ಉರಿಸುತ್ತದೆ. ಈ ಸೆಳೆತ ಕುಗ್ಗಿದರೆ ಹೊಗೆ ಒಲೆಯ ಬಾಯಿಂದಲೇ ಹೊರಬರುತ್ತದೆ. ಆಗ ಊದುಗೊಳವೆ ಹಿಡಿದು ಎಷ್ಟು ಊದಿದರೂ ದೋಷ ಹೋಗದು.

ಕ್ರಮವಾಗಿ ಪರೀಕ್ಷಿಸಿ. ಸೌದೆ ಹಸಿಯಾಗಿದೆಯೇ? ಜಾಲರಿಯ ಕೆಳಗೆ ಬೂದಿ ತುಂಬಿದೆಯೇ? ಪಾತ್ರೆಗಳು ಸಂದಿಯಿಲ್ಲದಂತೆ ಕೂತಿವೆಯೇ? ಸಂದಿಯಿಂದ ತಣ್ಣನೆಯ ಗಾಳಿ ಒಳಹೊಕ್ಕರೂ ಸೆಳೆತ ಕುಗ್ಗುತ್ತದೆ. ಇವೆಲ್ಲ ಸರಿಯಿದ್ದರೆ ಕೊಳವೆಯಲ್ಲಿ ಮಸಿ ಕಟ್ಟಿರಬಹುದು. ಒಲೆ ಪೂರ್ತಿ ಆರಿದ ಮೇಲೆ ಉದ್ದನೆಯ ಕೋಲಿಗೆ ಗೋಣಿಬಟ್ಟೆ ಸುತ್ತಿ ಅದನ್ನು ಉಜ್ಜಿ ತೆಗೆಯಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬಾರದು.

ಹೊಗೆಯ ಜೊತೆ ಬಣ್ಣ, ವಾಸನೆ ಇಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಕೂಡ ಇರುತ್ತದೆ. ಅದನ್ನು ದಿನವೂ ಉಸಿರಾಡುವವರು ಒಲೆಯ ಮುಂದೆ ಕೂರುವ ತಾಯಿ, ಅಜ್ಜಿ. ಮನೆಯಲ್ಲಿ ಇಂಥ ಒಲೆಯಿದ್ದರೆ ಈ ಭಾನುವಾರವೇ ಹಿರಿಯರ ನೆರವಿನಿಂದ ಅದರ ಕೊಳವೆಯನ್ನು ಪರೀಕ್ಷಿಸಿ.